ಕೆಸುವಿನ ಗೆಡ್ಡೆಯ ಪಾಠ

ಅಮೆರಿಕದ ರಿಚರ್ಡ್‌ಸನ್ ಎಂಬ ಊರಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿಗೆ ನಾನು ಹಿಡಿದದ್ದು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದ ಭಾಷೆ. ಅದರಲ್ಲಿ ನಮ್ಮ ‘ಗಳು’ ಥರ ಪದದ ಬಾಲಕ್ಕೆ ಏನೂ ಅಂಟುವುದಿಲ್ಲ. ಮುಂದೆ ಒಂದು ಚಿಕ್ಕ ಪದ ನಿಂತರೆ ವಸ್ತು ಒಂದೇ. ಅದರ ಜೊತೆಗೆ ಇನ್ನೊಂದು ಚಿಕ್ಕ ಪದ ಸೇರಿದರೆ ಬಹಳ. ಈ ಜೋಡಿಗಳ ಮೇಲೆಯೇ ನನ್ನ ಥೀಸಿಸ್.

ಆ ಭಾಷೆ ಆಡುವ ಅಜ್ಜಿಯೊಬ್ಬರು ಅಲ್ಲಿಂದ ನಾಲ್ಕೈದು ಗಂಟೆ ದೂರದಲ್ಲಿ, ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಲ್ಲಿ ಮಗಳ ಹೊಸ ಮನೆಯಲ್ಲಿದ್ದರು. ಅಮೆರಿಕದಲ್ಲೇ ಹುಟ್ಟಿದ ಮಗಳಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ನಾನು ದಾರಿಯಲ್ಲಿ ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಯಲ್ಲಿ ಕೆಸುವಿನ ಗೆಡ್ಡೆ ಕೊಂಡು ಹೋಗಿ ಅಜ್ಜಿಯ ಮೇಜಿನ ಮೇಲೆ ಇಡುತ್ತಿದ್ದೆ. ಮೊದಲು ಒಂದು, ಆಮೇಲೆ ಒಂದು ರಾಶಿ. ಅವರು ಹೇಳುತ್ತಿದ್ದರು, ನಾನು ರೆಕಾರ್ಡ್ ಮಾಡುತ್ತಿದ್ದೆ. “ಇಷ್ಟು ಚಿಕ್ಕದನ್ನ ನಮ್ಮೂರಲ್ಲಿ ಹಂದಿಗೆ ಹಾಕ್ತೀವಿ” ಎಂದು ಇಂಗ್ಲಿಷಿನಲ್ಲಿ ಗೊಣಗಿ, ಅಷ್ಟನ್ನೂ ಬೇಯಿಸಿ ತಿನ್ನುತ್ತಿದ್ದರು. ಪಾಠ ಮುಗಿದ ಮೇಲೆ ತಮ್ಮ ಭಾಷೆಯಲ್ಲಿ ಏನೇನೋ ಮಾತಾಡುತ್ತಿದ್ದರು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ನಮ್ಮ ಭಾಷಾಶಾಸ್ತ್ರದವರ ಕಸುಬೇ ಹಾಗೆ: ಭಾಷೆಯ ಮೂಳೆ ಎಣಿಸುತ್ತೇವೆ, ಮಾತು ಕಲಿಯುವುದಿಲ್ಲ.

“ಗೆಡ್ಡೆ, ಗೆಡ್ಡೆಗಳು. ಇದಕ್ಕೆ ಅಷ್ಟು ದೂರ ಡ್ರೈವ್ ಮಾಡ್ಬೇಕಾ ತಾಯಿ?” ಎಂದು ನನ್ನ ಗಂಡ ರೇಗಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಚಳಿಗಾಲ ಅಜ್ಜಿಗೆ ಸ್ಟ್ರೋಕ್ ಆಯಿತು. ಇಂಗ್ಲಿಷ್ ಪೂರ್ತಿ ಹೋಗಿ ದ್ವೀಪದ ಭಾಷೆ ಮಾತ್ರ ಉಳಿಯಿತು. ಆಸ್ಪತ್ರೆಯವರಿಗೆ ಆ ಭಾಷೆಯ ದುಭಾಷಿ ಸಿಗಲಿಲ್ಲ. ದ್ವೀಪದ ನೆಂಟರಿಗೆ ಫೋನ್ ಹೋಗುತ್ತಿರಲಿಲ್ಲ. ಮಗಳು ನನ್ನನ್ನು ಕರೆಸಿದಳು.

“ಎಲ್ಲಿ ನೋವು ಅಂತ ಕೇಳಿ, ಪ್ಲೀಸ್. ಇಲ್ಲಿ ನಿಮಗೊಬ್ಬರಿಗೇ ಈ ಭಾಷೆ ಬರೋದು.”

ನೋವಿಗೆ ಆ ಭಾಷೆಯಲ್ಲಿ ಏನನ್ನುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಅಜ್ಜಿ ನನ್ನ ಮುಖ ಕಂಡದ್ದೇ ತಡ, ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲಿಸದೆ ಮಾತಾಡಿದರು. ಕೇಳಲು ಕಡೆಗೂ ಒಬ್ಬರು ಬಂದರೆಂಬ ನೆಮ್ಮದಿ ಅವರ ಕಣ್ಣಿನಲ್ಲಿತ್ತು. ಅಷ್ಟೂ ಮಾತಿನಲ್ಲಿ ನನಗೆ ಸಿಕ್ಕಿದ್ದು ಆ ಎರಡು ಚಿಕ್ಕ ಪದಗಳು ಮಾತ್ರ, ಜೊತೆಯಾಗಿ, ಮತ್ತೆ ಮತ್ತೆ.

“ಏನಂತೆ?” ಎಂದಳು ಮಗಳು.

“ಏನೋ ಬಹಳ ಇದೆಯಂತೆ.”

“ಏನು ಬಹಳ?”

ಗೊತ್ತಿಲ್ಲ ಎಂದೆ. ಅವಳು ನನ್ನ ಮಣಿಕಟ್ಟಿನಿಂದ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಗೆ ತೆಗೆದುಕೊಂಡಳು.