ಹಸಿ ಬಾಣಂತಿ, ಹಸಿ ಸುಳ್ಳು

ಆಗೆಲ್ಲ ಶೇಂಗಾ ಕೀಳುವ ಕಾಲ ಬಂತೆಂದರೆ ಬಿ.ಜಿ. ಕೆರೆಯ ಮಕ್ಕಳ ಉಗುರಲ್ಲೆಲ್ಲ ಮಣ್ಣು, ಶಾಲೆ ಅರ್ಧ ಖಾಲಿ. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅದೇ ಕಾಲಕ್ಕೆ ಅವ್ವ ನನ್ನ ತಮ್ಮನನ್ನು ಹೆತ್ತಳು. ಅಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಅಜ್ಜಿ ಹಗಲೆಲ್ಲ ಶೇಂಗಾ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ನೀರು ಕಾಯಿಸುವುದು, ಬಾಣಂತಿ ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂತು.

ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳ್ಳುಳ್ಳಿ, ಬಜೆ, ಲೋಬಾನದ ಹೊಗೆ ತುಂಬಿದ ಕೋಣೆಗೂ ಹೊಸ್ತಿಲಿಗೂ ಓಡಾಡುತ್ತಿದ್ದೆ. ಶಾಲೆಯ ಗಂಟೆ ಕೇಳಿದರೆ ಕಾಲು ತಾನೇ ಎದ್ದು ನಿಲ್ಲುತ್ತಿತ್ತು. ನಾನು ಕೊನೆಯ ಸಲ ಹೋದಾಗ ಮೇಷ್ಟ್ರು ಗುಣವಾಚಕ ಹೇಳಿಕೊಡುತ್ತಿದ್ದರು. ಹೆಸರಿನ ಮುಂದೆ ಬಂದು ಕೂತ ಪದ ಆ ಹೆಸರನ್ನೇ ಬೇರೆ ಮಾಡಿಬಿಡುತ್ತದೆ ಅಂದಿದ್ದರು. ಅಜ್ಜಿಯ ಬಾಯಲ್ಲಿ ಅಂಥದ್ದು ದಿನಕ್ಕೆ ಹತ್ತು ಸಲ ಸಿಗುತ್ತಿತ್ತು: ಹಸಿ. ಹಸಿ ಶೇಂಗಾ ಕಚ್ಚಿದರೆ ಹಾಲು. ಹಸಿ ಗೋಡೆಗೆ ಒರಗಬಾರದು. ಹಸಿ ಬಾಣಂತಿ ತಣ್ಣೀರು ಮುಟ್ಟಬಾರದು, ಗಾಳಿಗೆ ಬರಬಾರದು. ಬರೀ ಬಾಣಂತಿ ಅಂದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಒಂದು ಸಂಜೆ ಮೇಷ್ಟ್ರು ಮನೆಗೇ ಬಂದರು. ಸೋಮವಾರದಿಂದ ಅರ್ಧ ವಾರ್ಷಿಕ ಪರೀಕ್ಷೆ, ಬರೆಯದಿದ್ದರೆ ಏಳನೆಯದಕ್ಕೆ ಕಳಿಸುವುದಿಲ್ಲ ಎಂದರು.

"ಹಸಿ ಬಾಣಂತಿನ ಬಿಟ್ಟು ಹೆಂಗ್ ಕಳಿಸ್ಲಿ ಸಾ?" ಅಂದಳು ಅಜ್ಜಿ. "ಇವ್ಳೇನು ಓದಿ ಅಮಲ್ದಾರ್ ಕುರ್ಚಿ ಮೇಲೆ ಕೂರ್ತಾಳಾ?"

ಸೋಮವಾರ ಅಜ್ಜಿ ಹೊಲಕ್ಕೆ ಹೋದದ್ದೇ ತಡ, ಅವ್ವ ಎದ್ದು ಬಂದು ನನ್ನ ಕೈಯಿಂದ ಬಟ್ಟೆಯ ಬಕೆಟ್ಟು ಕಿತ್ತುಕೊಂಡಳು. ನೀನು ನೀರು ಮುಟ್ಟಬಾರದು ಅಂದೆ.

"ಹಸಿ ಮೈ ಇವತ್ತಲ್ಲ ನಾಳೆ ಒಣಗ್ತೈತೆ. ಪರೀಕ್ಷೆ ನಾಳೆ ಇರ್ತೈತಾ? ಅಜ್ಜಿ ಕೇಳಿದ್ರೆ ನೀನೇ ಒಗ್ದೆ ಅನ್ನು, ನಡಿ."

ಓಡಿದೆ. ಕನ್ನಡ ಪತ್ರಿಕೆಯಲ್ಲಿ ಗುಣವಾಚಕಕ್ಕೆ ಮೂರು ಉದಾಹರಣೆ ಕೇಳಿದ್ದರು. ಹಸಿ ಶೇಂಗಾ, ಹಸಿ ಗೋಡೆ ಎಂದು ಬರೆದೆ. ಮೂರನೆಯದು ಗೊತ್ತಿತ್ತು, ಬರೆಯಲು ಕೈ ಬರಲಿಲ್ಲ.

ಸಂಜೆ ಅಜ್ಜಿ ಬಟ್ಟೆ ಯಾರು ಒಗೆದರೆಂದು ಕೇಳಿದಳು. ನಾನೇ ಅಂದೆ. ಅಜ್ಜಿ ಅವ್ವ ಉಟ್ಟಿದ್ದ ಸೀರೆಯ ಅಂಚು ಮುಟ್ಟಿ ನೋಡಿದಳು. ಅದಿನ್ನೂ ಒದ್ದೆಯಾಗಿತ್ತು.

"ನನ್ನೆದ್ರಿಗೇ ಹಸಿ ಸುಳ್ಳು ಹೇಳ್ತೀಯೇನೇ?"

ಹೊಡೆಯಲಿಲ್ಲ. ಕಂಬಳಿಯೊಳಗೆ ನಡುಗುತ್ತಿದ್ದ ಅವ್ವನ ಅಂಗಾಲು ತಿಕ್ಕುತ್ತಾ ಕೂತಳು. ಮರುದಿನದಿಂದ ಕೂಲಿ ಬಿಟ್ಟು ತಾನೇ ಮನೆಯಲ್ಲಿ ಉಳಿದಳು. ಉಳಿದ ಪರೀಕ್ಷೆಗಳನ್ನೆಲ್ಲ ಬರೆದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಎದೆ ತಟ್ಟಿಯೇ ಹೇಳುತ್ತೇನೆ. ಅವ್ವನ ಬೆರಳುಗಳು ಮಾತ್ರ ಈಗ ಮಡಚುವುದಿಲ್ಲ, ತಂಪು ಸೋಕಿದರೆ ಊದುತ್ತವೆ. ಡಾಕ್ಟರು ವಯಸ್ಸಿನ ವಾತ ಅನ್ನುತ್ತಾರೆ, ಇರಬಹುದು. ದಿನಾ ಬೆಳಗ್ಗೆ ಅವಳ ಸೀರೆಯ ನೆರಿಗೆ ಹಿಡಿದು ನಾನೇ ಸಿಕ್ಕಿಸುತ್ತೇನೆ. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಸೊಂಟಕ್ಕೇರಿಸುತ್ತಿದ್ದವಳು, ಈಗ ಚಹಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾಳೆ.