ಅಳದಂಗಡಿಯ ಕಾಯಿಸದ ರಾಳ

೧೯೬೮ರ ಫೆಬ್ರವರಿ ೧೨, ಸೋಮವಾರ. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿದೆ. ಚೀಲದಲ್ಲಿ ನಾಲ್ಕು ಗಾಜಿನ ಭರಣಿ, ಹತ್ತಿ, ಮೊದಲೇ ಬರೆದಿಟ್ಟ ಚೀಟಿಗಳು: 'ಕಾಯಿಸಿಲ್ಲ, ಸೋಸಿಲ್ಲ.'

ಮಾರ್ಚ್ ಕೊನೆಗೆ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ಸಭೆ. ಗಾಜು, ರಾಳದಂತೆ ಒಳಗಿನ ಅಣುಗಳು ಸಾಲುಗಟ್ಟದೆ ಅಡ್ಡಾದಿಡ್ಡಿ ಕೂತ ವಸ್ತುಗಳಿಗೆ ಲೇಸರ್ ಬೆಳಕು ಹಾಯಿಸಿ, ಚೆದರಿದ ಬೆಳಕನ್ನು ಪರೀಕ್ಷಿಸುವವರು ಏಳು ದೇಶಗಳಿಂದ ಬರುತ್ತಾರೆ. ಮರದ ಮೇಲೆ ವರ್ಷಗಟ್ಟಲೆ ಗಟ್ಟಿಯಾದ ರಾಳವೂ ನಿನ್ನೆ ಕರಗಿಸಿ ಆರಿಸಿದ ರಾಳವೂ ಕಣ್ಣಿಗೆ ಒಂದೇ. ಆ ಬೆಳಕಿಗೆ ಬೇರೆಯಾಗಿ ಕಾಣಬಹುದೆಂದು ನನ್ನ ಊಹೆ. ಬೆಂಕಿ ಕಾಣದ ತುಂಡು ತಂದರೆ ಸಭೆಯಲ್ಲಿ ಹತ್ತು ನಿಮಿಷ ಮಾತಾಡಲು ಬಿಡುತ್ತೇನೆ ಎಂದು ನನ್ನ ಪ್ರೊಫೆಸರು ಹೇಳಿದ್ದರು. ತರದಿದ್ದರೆ ಅತಿಥಿಗಳ ಪೆಟ್ಟಿಗೆ ಸಾಗಿಸುವ ಕೆಲಸ.

ಮೂಡುಬಿದಿರೆಯಲ್ಲಿ ಮೂರು ಅಂಗಡಿ ನೋಡಿದೆ. ಮೊದಲನೆಯದರಲ್ಲಿ ರಾಳ ತೀರಾ ಸ್ವಚ್ಛ. ಎರಡನೆಯದರಲ್ಲಿ ಹೊಗೆಯ ವಾಸನೆ. ಮೂರನೆಯದರ ತುಂಡಿನ ತಳ ತಟ್ಟೆಯಂತೆ ಸಮತಟ್ಟು. ಮರದ ಮೇಲೆ ತಟ್ಟೆ ಎಲ್ಲಿಂದ ಬಂತು? ನಾನು ಭೂತಗನ್ನಡಿ ತೆಗೆದದ್ದೇ ಅಂಗಡಿಯವನು "ಫಾರೆಸ್ಟಿನವರಾ?" ಎಂದು ಕೇಳಿ, ಇಲ್ಲವೆಂದರೂ ನಂಬದೆ ಡಬ್ಬಿ ಮುಚ್ಚಿದ. ಶಿರ್ತಾಡಿಯ ಎರಡು ಮನೆಗಳಲ್ಲಿ ರಾಳವೇ ಇರಲಿಲ್ಲ, ಅಥವಾ ಇಲ್ಲ ಎಂದರು. ಹನ್ನೊಂದೂವರೆಗೆ ದಿನಚರಿಯಲ್ಲಿ ಬರೆದದ್ದು: ವಿಚಾರಿಸಿದ್ದು ಐದು ಕಡೆ, ಕಂಡದ್ದು ಮೂರು, ನಂಬಿದ್ದು ಸೊನ್ನೆ.

ವೇಣೂರಿನ ಮೇಲಾಗಿ ಅಳದಂಗಡಿಗೆ ಹೋಗುವಾಗ ಬಸ್ಸಿನ ಕಂಡಕ್ಟರು ಕಮಲಕ್ಕ ಎಂಬವರ ಹಿತ್ತಲಲ್ಲಿ ಮುದಿ ಧೂಪದ ಮರ ಉಂಟೆಂದರು. ಬಿಸಿಲಲ್ಲಿ ಒಂದು ಮೈಲಿ ನಡೆದೆ. ಕಮಲಕ್ಕನ ಅಜ್ಜ ಕೊಡಲಿ ಹಾಕಿದ ಗಾಯದಲ್ಲಿ ಮುಷ್ಟಿಗಾತ್ರದ ಒಂದೇ ತುಂಡು ರಾಳ, ಮೈತುಂಬ ಸತ್ತ ಇರುವೆ, ತೊಗಟೆ. ಇದು ನಿಜವಾದದ್ದು. ಅವರೇ ಕತ್ತಿಯಿಂದ ಎಬ್ಬಿಸಿ ಕೊಟ್ಟರು, ದುಡ್ಡು ಬೇಡವೆಂದರು. ಯಾಕೆ ಬೇಡ ಎಂದು ನನಗೆ ಅನುಮಾನ. ಏಳು ದೇಶದವರು ನೋಡುವ ಸಂಗತಿ ಹೇಳಿದೆ; ಕಾಯಿಸಬಾರದು ಎಂದು ಮಾತ್ರ ಹೇಳಲಿಲ್ಲ. ಗುಟ್ಟು ತಿಳಿದರೆ ಬೆಲೆ ಹೇಳಿಯಾರು ಎಂದುಕೊಂಡೆ.

ಊಟ ಮಾಡದೆ ಹೋಗಲು ಬಿಡಲಿಲ್ಲ. ಜಗಲಿಯಲ್ಲಿ ಕೂತ ಅವರ ಮೈದುನ ರಾಳದ ತುಂಡನ್ನೇ ನೋಡುತ್ತಿದ್ದ. ಇವನು ಬದಲಾಯಿಸಿಯಾನೆಂದು ಹೆದರಿ, ಅದನ್ನು ಚೀಲಕ್ಕೆ ಹಾಕಿ ಅಪ್ಪಿಕೊಂಡೆ; ಊಟಕ್ಕೆ ಏಳುವಾಗ ಕಮಲಕ್ಕನ ಕೈಗೇ ಕೊಟ್ಟು ಒಳಗಿಡಲು ಹೇಳಿದೆ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು. ಕೈ ತೊಳೆದು ಬಂದಾಗ ಅವರು ಬಾಳೆಲೆಯಲ್ಲಿ ಜೇನಿನ ಬಣ್ಣದ ಬಿಲ್ಲೆಯೊಂದನ್ನು ತಂದಿಟ್ಟರು. ಮುಟ್ಟಿದರೆ ಇನ್ನೂ ಬಿಸಿ.

"ದೇವರಿಗೂ ನಾವು ಸೋಸದೆ ಕೊಡುವುದಿಲ್ಲ. ಏಳು ದೇಶದವರ ಎದುರು ಇರುವೆ ಸಮೇತ ಇಟ್ಟರೆ ನಮಗೆ ಮರ್ಯಾದೆ ಉಂಟಾ ಮಾರಾಯರೇ? ಹೊಸ ಬಟ್ಟೆಯಲ್ಲಿ ಸೋಸಿದ್ದೇನೆ."

ಮೈದುನ ಮೆಲ್ಲಗೆ ಅಂದ: "ನಿಮ್ಮ ಚೀಟಿ ಓದಿದ್ದೆ. ಅತ್ತಿಗೆ ಕಾಯಿಸ್ತಾರೆ ಎಂದು ಹೇಳುವ ಅಂತ ನಾನು ನೋಡಿದ್ದು. ನೀವು ನನ್ನನ್ನು ಕಂಡು ಚೀಲ ಅಪ್ಪಿಕೊಂಡಿರಲ್ಲ."

ನಾಲ್ಕು ಹತ್ತಕ್ಕೆ ಬೆಳ್ತಂಗಡಿಯಲ್ಲಿ ಬಿ.ಸಿ.ರೋಡಿನ ಬಸ್ಸು ಸಿಕ್ಕಿತು. ಬಿಲ್ಲೆ ಭರಣಿಯೊಳಗೆ ಹೊಳೆಯುತ್ತಿತ್ತು. ಚೀಟಿ ಬದಲಾಯಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಗುರುವಾಯನಕೆರೆಯವರೆಗೂ ಬಿಡಲಿಲ್ಲ. ಅಲ್ಲಿ ಬಸ್ಸು ನಿಂತಾಗ ಎರಡೂ ಮಾತು ಹೊಡೆದುಹಾಕಿ ಬರೆದೆ: 'ಕಾಯಿಸಿದೆ, ಸೋಸಿದೆ.'

ಓದುಗರಲ್ಲಿ ಯಾರ ಹಿತ್ತಲಲ್ಲಾದರೂ ಹಳೆಯ ಧೂಪದ ಮರಕ್ಕೆ ರಾಳ ಅಂಟಿದ್ದರೆ ಮಾರ್ಚ್ ಹತ್ತರೊಳಗೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಕೀಳಬೇಡಿ, ಒರೆಸಬೇಡಿ, ಇರುವೆ ಇದ್ದಲ್ಲೇ ಇರಲಿ. ನಾನೇ ಬರುತ್ತೇನೆ. ಈ ಸಲ ಅಂಗಳದಲ್ಲೇ ನಿಂತು, ಯಾಕೆ ಬೇಕೆಂದು ಮೊದಲು ಹೇಳುತ್ತೇನೆ.