ಎಕ್ಸ್ ಜಾಗದಲ್ಲಿ ಒಂದು

ಇದು ಹೀಗೆಯೇ ನಡೆಯಿತೆಂದು ನಾನು ಆಣೆ ಇಡಲಾರೆ. ವಿಶ್ವವಿದ್ಯಾಲಯ ನನಗೆ ಅನುಮಾನಿಸುವುದನ್ನು ಕಲಿಸಿತು. ನನ್ನ ಅನುಮಾನಿತರ ಸಾಲಿನಲ್ಲಿ ನನ್ನ ನೆನಪೇ ಮೊದಲು ನಿಂತಿದೆ. ಆದರೆ ನಿನ್ನೆ ಮಾದಾಪುರದ ಮೆಟ್ರೋದಲ್ಲಿ ಎದುರು ಕುಳಿತ ಹುಡುಗಿಯ ಪುಸ್ತಕದಲ್ಲಿ ಆವರಣದೊಳಗೊಂದು ಭಿನ್ನರಾಶಿ, ಅದರ ಹೆಗಲೇರಿದ ಪುಟ್ಟ 3 ಕಂಡು ನಗು ತಡೆಯಲಾಗಲಿಲ್ಲ. ಹುಡುಗಿ ಪುಸ್ತಕ ಮುಚ್ಚಿಬಿಟ್ಟಳು.

ನೆನಪಾದದ್ದು, ಓದುವ ದಿನಗಳಲ್ಲಿ ನಾನು ಉಳಿದಿದ್ದ, ಇದೇ ಊರಿನ ಸನತ್‌ನಗರದ ಕಾಕಾರ ಮನೆ. ಕಾಕಾ ಕಚೇರಿಯಲ್ಲಿ ತೆಲುಗು, ಬೇಗಂ ಬಜಾರಿನಲ್ಲಿ ಹಿಂದಿ ಆಡುವವರು; ಮನೆಯಲ್ಲಿ, ಅದೂ ವಾದಕ್ಕೆ ಇಳಿದಾಗ, ಅಪ್ಪಟ ಕನ್ನಡ. ಮಗಳು ವೀಣಾ ಹತ್ತನೇ ತರಗತಿ ಮುಗಿಸಿ, ಇಂಟರ್‌ನಲ್ಲಿ, ಅಂದರೆ ಪಿಯುಸಿಯಲ್ಲಿ, ಗಣಿತ ಓದುತ್ತೇನೆಂದು ಹಟ ಹಿಡಿದಿದ್ದಳು. ಕಾಕಾರ ಒಲವು ಕಾಮರ್ಸ್ ಕಡೆಗೆ.

"ನಾ ಕೊಟ್ಟ ಲೆಕ್ಕ ಮಾಡಿ ತೋರಸು. ಆಮ್ಯಾಲ ಗಣಿತದ ಮಾತಾಡು."

ಲೆಕ್ಕ ಇಷ್ಟೇ: ಮೇಲೆ 6x², ಕೆಳಗೆ 9x, ಇಡೀ ಭಿನ್ನರಾಶಿಗೆ ಘನ. ವೀಣಾ ಆವರಣದ ಒಳಗೇ ಕತ್ತರಿಸಿ 2x/3 ಮಾಡಿಕೊಂಡು, ಆಮೇಲೆ ಘನ ತೆಗೆದು 8x³/27 ಎಂದಳು. ಅಷ್ಟು ಸಲೀಸಾಗಿ ಬಂದ ಉತ್ತರವನ್ನು ಕಾಕಾ ನಂಬುವವರಲ್ಲ. ಅವರು ಮೊದಲು ಘನ ಮಾಡಿ ಆಮೇಲೆ ಕತ್ತರಿಸುವ ಪಂಥದವರು. ಕ್ಯಾಲೆಂಡರಿನ ಹಾಳೆಯೊಂದರ ಹಿಂದೆ 216, 729 ಎಂದು ಬೆವರು ಸುರಿಸಿ ಗುಣಿಸಿದರು. ಘಾತಗಳನ್ನು ಮಾತ್ರ ಮೂರರಿಂದ ಗುಣಿಸುವ ಬದಲು ಅವಕ್ಕೆ ಮೂರು ಕೂಡಿಸಿ, x⁵ನ್ನು x⁴ನಿಂದ ಭಾಗಿಸಿ, 8x/27ಕ್ಕೆ ಬಂದು ನಿಂತರು.

"ಅಕ್ಕಿ ಹಸನ ಮಾಡಿ ಒಲಿ ಮ್ಯಾಲ ಇಡ್ತಾರ್ರೀ. ಅನ್ನ ಆದಮ್ಯಾಲ ಯಾರರೆ ಹರಳು ಆರಸ್ತಾರೇನು?" ಅಡುಗೆಮನೆಯಿಂದ ಕಾಕಾರ ಹೆಂಡತಿ, ನಮ್ಮ ಕಾಕು, ಕೇಳಿದರು.

"ನೀ ಸುಮ್ನಿರು. ತಾಳೆ ನೋಡೂಣು. x ಅಂದ್ರ ಒಂದು."

ಒಂದು ಹಾಕಿದರೆ ಇಬ್ಬರದೂ 8/27. ಕಾಕಾ ಮೀಸೆಯಲ್ಲೇ ನಕ್ಕರು. "ಇಬ್ಬರದೂ ಸರಿ ಐತಿ. ಆದ್ರ ನನ್ನ ಉತ್ತರ ಸಣ್ಣದು. ಕಾಮರ್ಸ್ ತಗೋ."

"ಅಪ್ಪಾ, ಒಂದು ಯಾರಿಗೂ ಬೈಯೂದಿಲ್ಲ. ಎಷ್ಟ ಸಲ ಗುಣಿಸಿದ್ರೂ ಒಂದ ಆಗತೈತಿ. ಎರಡು ಹಾಕ್ರಿ."

ಹಾಕಿದರು. ಮೂಲ ಲೆಕ್ಕ 64/27 ಕೊಟ್ಟಿತು. ವೀಣಾಳದೂ ಅಷ್ಟೇ. ಕಾಕಾರದು 16/27. ಕಾಕಾ ಹಾಳೆಯನ್ನು ಮಗುಚಿ ತಾರೀಖುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಬಹಳ ಗಂಭೀರವಾಗಿ, "ಗಣಿತಕ್ಕ ಅಡ್ಮಿಷನ್ ಯಾವಾಗ ಸುರು?" ಎಂದರು. ಒಳಗಿನಿಂದ, ಕಾಕು ಸಿಹಿ ಶಿರಾಕ್ಕೆಂದು ರವೆ ಹುರಿಯತೊಡಗಿದ ಪರಿಮಳ ಬಂತು. ಅಥವಾ ಆ ಶಿರಾ ಬೇರೆ ಯಾವುದೋ ದಿನದ್ದಿರಬಹುದು.

ನಿನ್ನೆ ವೀಣಾಳಿಗೆ ಫೋನ್ ಮಾಡಿದೆ. ಈಗ ಅವಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ.

"ಎರಡಲ್ಲೋ ಅಣ್ಣಾ, ಮೂರು ಹಾಕ್ರಿ ಅಂದಿದ್ದೆ."

ಪಕ್ಕದಿಂದ ಕಾಕಾ ಕೂಗಿದರು: "ನಾ ಬೇಕಂತನ ತಪ್ಪು ಮಾಡಿದ್ದೆ ಅಂತ ಹೇಳು ಅವಗ."

ಯಾರ ನೆನಪನ್ನು ನಂಬುವುದು? ಫೋನಿಟ್ಟು ಪೆನ್ನು ಹಿಡಿದೆ. ನೀವೂ ಬೇಕಾದರೆ ಹಾಕಿ ನೋಡಿ: x ಮೂರಾದರೆ ಮೂಲ ಲೆಕ್ಕ 8, ವೀಣಾಳ ಉತ್ತರ 8, ಕಾಕಾರದು 8/9. ಅವತ್ತು ಹಾಕಿದ್ದು ಎರಡೇ ಇರಲಿ, ಮೂರೇ ಇರಲಿ, ಗೆದ್ದವಳು ವೀಣಾ.